ಹಿತ್ತಿಲ ಕಿಟಕಿ ತೆಗೆದ ಬೇಸಿಗೆ

ದಟ್ಟಗಳ್ಳಿಯಲ್ಲಿ ನನ್ನ ಮಗಳು ವಸು ಮನೆ ಕಟ್ಟಿಸಿದ ಹೊಸದರಲ್ಲಿ ಒಂದು ವಾರ ಅವಳ ಜೊತೆ ಇದ್ದು ಬರೋಣವೆಂದು ಹೋಗಿದ್ದೆ. ಬಡಾವಣೆ ಆಗಿನ್ನೂ ಏಳುತ್ತಿತ್ತು. ಅವಳ ಮನೆಯ ಪಕ್ಕದಲ್ಲೇ ಇನ್ನೊಂದು ಮನೆ ಅರ್ಧ ಎದ್ದು ನಿಂತಿತ್ತು. ಬೆಳಿಗ್ಗೆ ಕಾಫಿ ಲೋಟ ಹಿಡಿದು ಹೊರಗೆ ಬಂದರೆ, ಆ ಮನೆಯ ಹೊಸ ಗೋಡೆಗೆ ಗೋಣಿತಾಟು ಹೊದಿಸಿ ಒಬ್ಬ ಹೆಂಗಸು ನೀರು ಹಿಡಿಯುತ್ತಿದ್ದಳು. ಸೆಣಬು ನೆನೆದ ವಾಸನೆ, ಅದರ ಬೆನ್ನಿಗೇ ಹಸಿ ಗಾರೆಯ ತಣ್ಣನೆಯ ವಾಸನೆ ಬಂತು. ನನ್ನ ಕಾಲು ಮುಂದಕ್ಕೆ ಹೋಗಲಿಲ್ಲ. ಒಳಗಿನಿಂದ ವಸು, ಕಿಟಕಿಯೆಲ್ಲ ಮುಚ್ಚಿಬಿಡಮ್ಮ, ಧೂಳು ಬರುತ್ತೆ ಎಂದು ಕೂಗಿದಳು. ನಾನು ಆ ಪಕ್ಕದ ಕಿಟಕಿ ಮುಚ್ಚಿ, ಹಿಂದಿನ ಕಿಟಕಿಯನ್ನು ಅಗಲವಾಗಿ ತೆಗೆದು ಬಂದೆ. ಅವಳಿಗೆ ನಗು. ಒಂದು ಮುಚ್ಚು ಅಂದರೆ ಇನ್ನೊಂದು ತೆಗೆಯುವುದು ನಿನಗೊಂದು ಚಟ ಅಂದಳು. ಆ ಚಟ ನನಗೆ ಹತ್ತಿದ್ದು ಅವಳಿಂದಲೇ. ಆಗ ಅವಳಿಗೆ ಇಪ್ಪತ್ತು ದಿನ ತುಂಬಿತ್ತು.

ಐವತ್ತರ ದಶಕದ ನಡುವಿನ ಮಾತು. ಚೊಚ್ಚಲ ಹೆರಿಗೆಗೆಂದು ನಾನು ಜಯಲಕ್ಷ್ಮಿಪುರದ ತವರಿಗೆ ಬಂದಿದ್ದೆ. ನನಗೆ ಹತ್ತೊಂಬತ್ತು ವರ್ಷ. ಯಜಮಾನರು ಹಾಸನದಲ್ಲಿ ಕೆಲಸದಲ್ಲಿದ್ದರು, ವಾರಕ್ಕೊಂದು ಕಾಗದ ಬರೆಯುತ್ತಿದ್ದರು. ಕಾಗದದಲ್ಲಿ ಮುಕ್ಕಾಲು ಪಾಲು ಹಾಸನದ ಚಳಿಯೇ ಇರುತ್ತಿತ್ತು. ಅಪ್ಪ ಅರಮನೆಯ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಕಚೇರಿ ಬಿಟ್ಟ ಮೇಲೂ ಅವರ ಸರಿಗೆ ಪೇಟ ನಡುಮನೆಯ ಗೂಟದಲ್ಲೇ ಇತ್ತು. ದಿನಾ ಬೆಳಿಗ್ಗೆ ಸಂಧ್ಯಾವಂದನೆ ಮುಗಿಸಿ ಅದರ ಮೇಲಿನ ಧೂಳನ್ನು ಎರಡು ಬೆರಳಿನಿಂದ ತಟ್ಟುತ್ತಿದ್ದರು. ಮನೆಯಲ್ಲಿ ಇನ್ನು ಇದ್ದವಳು ಅಮ್ಮ ಒಬ್ಬಳೇ. ಮನೆ ಹಂಚಿನದು. ಹಿಂದೆ ಉದ್ದನೆಯ ಹಿತ್ತಿಲು, ಅಲ್ಲೊಂದು ಸೀಬೆಮರ, ನಲ್ಲಿ, ಬಟ್ಟೆ ಒಗೆಯುವ ಕಲ್ಲು. ಪೂರ್ವಕ್ಕೆ ಖಾಲಿ ಸೈಟು. ನಾನು ತುಂಬಿದ ಬಸುರಿಯಾಗಿ ಬಂದಿಳಿದಾಗ ಆ ಸೈಟಿನಲ್ಲಿ ಪಾಯ ಮುಗಿದು ಗೋಡೆ ಏಳುತ್ತಿತ್ತು.

ಕಾಲೇಜಿನ ಮೇಷ್ಟ್ರೊಬ್ಬರು ಕಟ್ಟಿಸುತ್ತಿದ್ದರು. ಪಾಪ, ಒಳ್ಳೆಯವರೇ. ಪಾಯಕ್ಕೆ ಪೂಜೆ ಮಾಡಿದ ದಿನ ನಮ್ಮ ಮನೆಗೂ ಕಡಲೆಬೇಳೆ ಪಾಯಸ ಕಳಿಸಿದ್ದರಂತೆ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತಾರೆ. ಪಕ್ಕದಲ್ಲಿ ಕಟ್ಟುವಾಗ ಸುಮ್ಮನೆ ಕೂತು ನೋಡು ಅಂತ ಯಾರೂ ಗಾದೆ ಮಾಡಲಿಲ್ಲ, ಅದೇ ಎಲ್ಲಕ್ಕಿಂತ ಕಷ್ಟ. ಆಗ ಸಿಮೆಂಟು ಸಿಗಬೇಕಾದರೆ ಪರ್ಮಿಟ್ಟಿಗೆ ಅಲೆಯಬೇಕಿತ್ತು. ಇದ್ದ ನಾಲ್ಕು ಮೂಟೆಯನ್ನು ಮೇಷ್ಟ್ರು ತಾರಸಿಗೆಂದು ಜೋಪಾನ ಮಾಡಿಕೊಂಡು, ಗೋಡೆಯನ್ನೆಲ್ಲ ಸುಣ್ಣದ ಗಾರೆಯಲ್ಲೇ ಏಳಿಸುತ್ತಿದ್ದರು. ನಮ್ಮ ಕಾಂಪೌಂಡಿನ ಆಚೆ, ಕೈಗೆಟುಕುವಷ್ಟು ದೂರದಲ್ಲಿ, ಗಾರೆ ಅರೆಯುವ ಗಾಣ ಇತ್ತು. ದುಂಡನೆಯ ಕಲ್ಲುದೋಣಿ, ಅದರೊಳಗೊಂದು ಕಲ್ಲಿನ ಚಕ್ರ, ಅದನ್ನು ಎಳೆಯುತ್ತ ಸುತ್ತುವ ಒಂದು ಎತ್ತು. ಅದರ ಪಕ್ಕದಲ್ಲಿ ಸುಣ್ಣ ಅರಳಿಸುವ ಗುಂಡಿ, ಇಟ್ಟಿಗೆ ಕುಟ್ಟಿ ಪುಡಿ ಮಾಡಿ ಜರಡಿ ಹಿಡಿಯುವ ಜಾಗ. ಆ ಬೇಸಿಗೆ ಗಾಳಿ ಮೂಡಲಿಂದ ಬೀಸುತ್ತಿತ್ತು. ಅಂದರೆ ಅಲ್ಲಿ ಹಾರಿದ್ದೆಲ್ಲ ನಮ್ಮ ಮನೆಗೇ ಬರುತ್ತಿತ್ತು.

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದನ್ನು ನಮ್ಮ ಮನೆಯಷ್ಟು ಚೆನ್ನಾಗಿ ಯಾರೂ ಕಲಿಯಲಿಲ್ಲ. ತಟ್ಟೆ ಮಗುಚಿಟ್ಟರೂ ಅದರ ಬೆನ್ನ ಮೇಲೆ ಸುಣ್ಣದ ಹುಡಿ. ಒಣಹಾಕಿದ ಸೀರೆ ಕೊಡವಿದರೆ ಕೆಂಪು ಇಟ್ಟಿಗೆ ಪುಡಿ. ಅಪ್ಪನ ಪೇಟ ಮಧ್ಯಾಹ್ನದೊಳಗೆ ನರೆತುಹೋಗುತ್ತಿತ್ತು. ಅವರು ತಟ್ಟಿ ತಟ್ಟಿ ಸೋತು ಕೊನೆಗೆ ಅದನ್ನು ಟ್ರಂಕಿಗೆ ಹಾಕಿ ಬೀಗ ಹಾಕಿದರು. ಆ ದಿನ ಅವರಿಗೆ ನಿಜವಾಗಿ ನಿವೃತ್ತಿಯಾಯಿತು ಅಂತ ನಾನು ತಮಾಷೆ ಮಾಡಿದ್ದೆ. ಅವರು ನಗಲಿಲ್ಲ.

ಮಗು ಹುಟ್ಟಿತು. ಹೆಣ್ಣು, ಕರ್ರಗೆ, ತಲೆ ತುಂಬ ಕೂದಲು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ನನ್ನ ಹೆಗ್ಗಣ ನನಗೆ ನಿಜಕ್ಕೂ ಚೆಲುವೆ ಅನ್ನಿಸಿತು. ನನ್ನನ್ನೂ ಮಗುವನ್ನೂ ಮೂಲೆಯ ಕೋಣೆಗೆ ಹಾಕಿದರು. ಅದು ಹಿಂದಿನಿಂದಲೂ ಬಾಣಂತಿ ಕೋಣೆಯೇ. ಅದಕ್ಕೆ ಎರಡು ಕಿಟಕಿ. ಒಂದು ಪೂರ್ವಕ್ಕೆ, ಸೈಟಿನ ಕಡೆ. ಇನ್ನೊಂದು ಹಿತ್ತಿಲ ಕಡೆ. ಹಿತ್ತಿಲ ಕಿಟಕಿಗೆ ಹೊರಗಿನಿಂದ ಅಡ್ಡಡ್ಡ ಹಲಗೆ ಹೊಡೆದು ಮೊಳೆ ಜಡಿದಿದ್ದರು. ಅದಕ್ಕೊಂದು ಕಥೆ ಇತ್ತು. ನನಗೆ ಹನ್ನೊಂದು ವರ್ಷವಿದ್ದಾಗ ಅಮ್ಮನಿಗೆ ಒಂದು ಗಂಡುಮಗು ಆಗಿತ್ತು. ಅದೇ ಕೋಣೆಯಲ್ಲಿ ಒಂದು ತಿಂಗಳೂ ತುಂಬದೆ ಹೋಯಿತು. ಗಾಳಿ ಸೋಕಿತು ಎಂದರು ಎಲ್ಲರೂ. ಮಾರನೆಯ ವಾರ ಅಮ್ಮ ತಾನೇ ನಿಂತು ಆ ಕಿಟಕಿಗೆ ಮೊಳೆ ಹೊಡೆಸಿದಳು. ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಯಾರೂ ಆ ಮಗುವಿನ ಮಾತನ್ನೂ ಆಡಲಿಲ್ಲ, ಆ ಕಿಟಕಿಯ ಮಾತನ್ನೂ ಆಡಲಿಲ್ಲ.

ಹಾಗಾಗಿ ನನ್ನ ಮಗುವಿನ ವಿಷಯದಲ್ಲಿ ಅಮ್ಮ ಯಾಕೆ ಅಷ್ಟು ಹೆದರಿದಳು ಎಂದು ನಾನು ಕೇಳಬೇಕಾಗಿರಲಿಲ್ಲ. ಮೊದಲೇ ಗಾಳಿ ಎಂದರೆ ಅವಳಿಗೆ ಜೀವ ಹಾರುತ್ತಿತ್ತು, ಈಗ ಗಾಳಿಯ ಬೆನ್ನೇರಿ ಸುಣ್ಣವೂ ಬರುತ್ತಿತ್ತು. ಪೂರ್ವದ ಕಿಟಕಿಯ ಬಾಗಿಲ ಸಂದಿಗೆಲ್ಲ ಮೈದಾಹಿಟ್ಟಿನ ಅಂಟು ಕಾಯಿಸಿ ಹಳೆಯ ಪೇಪರು ಅಂಟಿಸಿದಳು. ಬಾಗಿಲ ಕೆಳಗೆ ಹಳೆ ಸೀರೆ ಸುತ್ತಿ ಸಿಕ್ಕಿಸಿದಳು. ಮಂಚದ ಕೆಳಗೆ ಅಗ್ಗಿಷ್ಟಿಕೆ ಹಗಲೂ ರಾತ್ರಿ ಆರದೆ ಇತ್ತು. ಮಗುವಿಗೆ ಎಣ್ಣೆ ನೀರು ಹಾಕಿದ ಮೇಲೆ ಕೆಂಡದ ಮೇಲೆ ಸಾಂಬ್ರಾಣಿ, ಓಮ, ಬೆಳ್ಳುಳ್ಳಿ ಸಿಪ್ಪೆ ಹಾಕಿ, ಬಿದಿರು ಬುಟ್ಟಿ ಬೋರಲು ಹಾಕಿ, ಅದರ ಮೇಲೆ ಮಗುವಿನ ತಲೆ ಹಿಡಿದು ಧೂಪ ಕೊಡುವುದು ಎಲ್ಲರ ಮನೆಯ ಪದ್ಧತಿ. ದಿನಕ್ಕೊಂದು ಸಲ. ನಮ್ಮ ಮನೆಯಲ್ಲಿ ಅದು ಮೂರು ಸಲವಾಯಿತು. ಧೂಳು ಒಳಗೆ ಬಂದಿದ್ದರೂ ಧೂಪ ಅದನ್ನು ತೊಳೆದುಬಿಡುತ್ತೆ ಎಂದು ಅಮ್ಮನ ನಂಬಿಕೆ.

ನನಗೂ ಅದು ತಪ್ಪೆನ್ನಿಸಲಿಲ್ಲ, ಸುಳ್ಳು ಯಾಕೆ ಹೇಳಲಿ. ಎಳೆ ಬಾಣಂತಿಯ ಮೈಯೇ ಒಂದು ಮಂಪರು. ಕಿವಿಗೆ ಹತ್ತಿ, ತಲೆಗೆ ಬಿಗಿದು ಕಟ್ಟಿದ ಬಟ್ಟೆ, ಹೊಟ್ಟೆಗೆ ಸುತ್ತಿದ ಸೀರೆ, ಬಿಸಿನೀರು ಮಿಂದ ಬೆವರು. ನನಗೆ ಹಗಲು ಎಂದರೆ ಒಂದೇ ಒಂದು ಗೆರೆ. ಪೂರ್ವದ ಕಿಟಕಿಯ ಮೇಲ್ಗಡೆ ಪೇಪರು ಬಿಟ್ಟುಕೊಂಡ ಒಂದು ಸಂದಿಯಿಂದ ಬಿಸಿಲು ಕೋಣೆಯೊಳಗೆ ಓರೆಯಾಗಿ ಇಳಿಯುತ್ತಿತ್ತು. ಆ ಬಿಸಿಲಿನಲ್ಲಿ ಧೂಪದ ನೀಲಿಯೂ ಸುಣ್ಣದ ಬಿಳಿಯೂ ಸುತ್ತಿ ಸುತ್ತಿ ಮೇಲೇಳುವುದನ್ನು ನೋಡುತ್ತಾ ಮಲಗಿರುತ್ತಿದ್ದೆ. ಹೊರಗೆ ಗಾಣ ಕಿರುಗುಟ್ಟುವುದು ಒಮ್ಮೆ ಹತ್ತಿರ, ಒಮ್ಮೆ ದೂರ ಕೇಳಿಸುತ್ತಿತ್ತು. ಎತ್ತಿನ ಕೊರಳ ಗಂಟೆಯೂ ಹಾಗೇ. ಅರೆನಿದ್ದೆಯಲ್ಲಿ, ಸುತ್ತುತ್ತಿರುವುದು ಎತ್ತಲ್ಲ, ನಮ್ಮ ಮನೆಯೇ ಅದರ ಸುತ್ತ ನಿಧಾನವಾಗಿ ತಿರುಗುತ್ತಿದೆ ಅನ್ನಿಸುತ್ತಿತ್ತು. ಎಷ್ಟೋ ಸಲ ನಾನು ಮಂಚದ ಕಟ್ಟು ಹಿಡಿದುಕೊಂಡದ್ದುಂಟು. ಆ ದಿನಗಳಲ್ಲಿ ನಾನು ಸುಖವಾಗಿದ್ದೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ, ಏಕೆಂದರೆ ನನ್ನ ಪಕ್ಕದಲ್ಲೇ ಮಗುವಿನ ಉಸಿರು ಕೆಡುತ್ತಾ ಬಂದಿತ್ತು.

ಮೊದಲು ಮೂಗು ಕಟ್ಟಿದ ಸದ್ದು. ಆಮೇಲೆ ಎದೆಯೊಳಗೆ ಬೆಕ್ಕಿನಮರಿ ಕೂತ ಹಾಗೆ ಗೊರಗೊರ. ಹಾಲು ಹಿಡಿದರೆ ನಾಲ್ಕು ಗುಟುಕಿಗೆ ಬಿಟ್ಟು ಉಸಿರಿಗೆ ಬಾಯಿ ತೆರೆಯುತ್ತಿತ್ತು. ಅಪ್ಪ ಡಾಕ್ಟರನ್ನು ಕರೆತಂದರು. ವಯಸ್ಸಾದ ಮನುಷ್ಯ. ಬಾಣಂತಿ ಕೋಣೆಯ ಹೊಸ್ತಿಲು ದಾಟಲು ಅವರಿಗೇ ಸಂಕೋಚ, ಮಗುವನ್ನು ನಡುಮನೆಗೆ ತರಿಸಿಕೊಂಡೇ ಎದೆಗೆ ಕಿವಿಗೊಟ್ಟು ನೋಡಿದರು. ಕೋಣೆಯ ಒಳಗನ್ನು ಅವರು ಕಾಣಲೇ ಇಲ್ಲ. ಒಂದು ಮಿಕ್ಸ್ಚರ್ ಬರೆದುಕೊಟ್ಟು, ಧೂಳು ಹೊಗೆ ಯಾವುದೂ ಬಡಿಯದ ಹಾಗೆ ಜೋಪಾನ ಮಾಡಿ ಅಂದರು. ಅಮ್ಮ ಅದನ್ನು ಅಕ್ಷರಶಃ ಪಾಲಿಸಿದಳು. ಅಡಿಗೆಮನೆಯ ಹೊಗೆ ಬರಬಾರದೆಂದು ನಡುಬಾಗಿಲು ಮುಚ್ಚಿದಳು, ಬಿಟ್ಟುಕೊಂಡಿದ್ದ ಪೇಪರನ್ನು ಮತ್ತೆ ಅಂಟಿಸಿದಳು. ನನ್ನ ಬಿಸಿಲ ಗೆರೆಯೂ ಹೋಯಿತು. ಸಾಂಬ್ರಾಣಿಯನ್ನು ಅವಳು ನಿಲ್ಲಿಸಲಿಲ್ಲ. ನಮ್ಮಲ್ಲಿ ಯಾರೂ ಸಾಂಬ್ರಾಣಿಯನ್ನು ಹೊಗೆಯ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಹೊಗೆ ಒಲೆಯದು. ಇದು ದೇವರಿಗೂ ಕೂಸಿಗೂ ಕೊಡುವಂಥದು.

ಆ ಕತ್ತಲೆಯಲ್ಲಿ ಒಂದು ಮಧ್ಯಾಹ್ನ ಗೋಡೆ ಮಾತಾಡಿತು. ನಾನು ಹಾಗೇ ತಿಳಿದೆ. ಹಿತ್ತಿಲ ಕಿಟಕಿಯ ಹಲಗೆಯ ಆಚೆಯಿಂದ ಒಂದು ಹೆಂಗಸಿನ ದನಿ.

"ಅವ್ವಾ, ಕೂಸು ಯಾಕೆ ಇಂಗೆ ಉಸ್ರು ಎಳೀತದೆ?"

ಮಂಪರು ಹರಿದು ಎದ್ದು ಕೂತೆ. ಯಾರು ಎಂದು ಕೇಳಿದರೆ, ಪಕ್ಕದ ಸೈಟಿನ ಗಾರೆ ಕೆಲಸದವಳು, ಚಿಕ್ಕತಾಯಿ ಎಂದಳು. ನಮ್ಮ ಹಿತ್ತಿಲ ನಲ್ಲಿಯಿಂದ ನೀರು ಹಿಡಿದುಕೊಳ್ಳಲು ಅಪ್ಪ ಅವರಿಗೆ ಒಪ್ಪಿಗೆ ಕೊಟ್ಟಿದ್ದರು. ಅವಳದು ದಟ್ಟಗಳ್ಳಿ. ಆಗ ಅದು ಊರಾಚೆಯ ಹಳ್ಳಿ. ಮನೆಯಲ್ಲಿ ರಾಗಿ ಹೊಲ ಇತ್ತಂತೆ, ಕಣದ ಕೆಲಸ ಮುಗಿದ ಮೇಲೆ ಮಳೆ ಬೀಳುವ ತನಕ ಗಂಡ ಹೆಂಡತಿ ಇಬ್ಬರೂ ಮೈಸೂರಿಗೆ ಗಾರೆ ಕೆಲಸಕ್ಕೆ ನಡೆದು ಬರುತ್ತಿದ್ದರಂತೆ. ಕಂಕುಳಲ್ಲಿ ಅವಳದೂ ಒಂದು ಕೂಸು, ಆರು ತಿಂಗಳಿನದು.

ಆಮೇಲೆ ದಿನಕ್ಕೆ ಎರಡು ಸಲವಾದರೂ ಆ ದನಿ ಬರುತ್ತಿತ್ತು. ಮನೆಯವರ ಮಡಿ ಲೆಕ್ಕದಲ್ಲಿ ನಾನೂ ಆಗ ಮುಟ್ಟಬಾರದವಳೇ, ಅವಳೂ ಹೊಸ್ತಿಲಾಚೆ ನಿಲ್ಲಬೇಕಾದವಳೇ. ಹೀಗಾಗಿ ನಮ್ಮಿಬ್ಬರಿಗೆ ಮಾತಾಡಲು ಯಾರ ಅಪ್ಪಣೆಯೂ ಬೇಕಾಗಿರಲಿಲ್ಲ. ಮುಖ ಕಾಣದ ಹೆಂಗಸಿನ ಜೊತೆ ನಾನು ಹಾಲಿನ ವಿಷಯ, ಹೆರಿಗೆಯ ನೋವಿನ ವಿಷಯ, ಗಂಡಸರ ವಿಷಯ ಎಲ್ಲ ಆಡಿದೆ. ಅಷ್ಟು ಧೂಳಿನಲ್ಲಿ ನಿನ್ನ ಕೂಸು ಹೇಗಿದೆ ಎಂದು ಒಂದು ದಿನ ಕೇಳಿಯೇಬಿಟ್ಟೆ. ಚೆನ್ನಾಗದೆ ಅಂದಳು. ಗಾಣಕ್ಕೆ ಮೂಡಲಲ್ಲಿ ಒಂದು ಹೊಂಗೆಮರವಿತ್ತು, ಅದಕ್ಕೆ ಸೀರೆಯ ಜೋಲಿ ಕಟ್ಟಿ ಮಲಗಿಸಿದ್ದಳಂತೆ. ಗಾಳಿ ಆ ಕಡೆಯಿಂದ ಬರುವುದರಿಂದ ಧೂಳು ಕೂಸಿನ ಕಡೆ ಹೋಗುವುದಿಲ್ಲ. ಗಾಳಿ ತಿರುಗಿದರೆ ಜೋಲಿಯ ಮುಂದೆ ಒದ್ದೆ ಗೋಣಿತಾಟು ಇಳಿಬಿಡುತ್ತಿದ್ದಳು. ತಾರಸಿ ಒಣಗಿ ಬಿರಿಯದಂತೆ ಹೊದಿಸುವ ಅದೇ ಗೋಣಿತಾಟು. ನೀರು ಕುಡಿದ ಗೋಣಿ ಧೂಳನ್ನು ತನ್ನ ಮೈಮೇಲೆ ಹಿಡಿದುಕೊಂಡು ಗಾಳಿಯನ್ನಷ್ಟೇ ಬಿಡುತ್ತದೆ ಎಂದಳು. ನಾನು ಹ್ಞೂಂಗುಟ್ಟಿ ಮಗುವಿನ ಹೊದಿಕೆ ಸರಿಮಾಡಿದೆ. ಹೊರಗೆ ಮರದ ಕೆಳಗೆ ಮಲಗುವ ಕೂಸಿನ ಮಾತು ಬೇರೆ, ನಮ್ಮ ಮಗುವಿನ ಮಾತು ಬೇರೆ ಎಂಬ ಜಂಬ ನನ್ನೊಳಗೂ ಇತ್ತು.

ಇಪ್ಪತ್ತನೆಯ ದಿನ ಬೆಳಿಗ್ಗೆ ಆ ಜಂಬ ಇಳಿಯಿತು. ಎಣ್ಣೆ ನೀರು ಹಾಕಿ, ಧೂಪ ಕೊಟ್ಟು, ಮಗುವನ್ನು ನನ್ನ ಪಕ್ಕ ಮಲಗಿಸಿದ್ದರು. ಅಪ್ಪ ಔಷಧಿಯ ಬಾಟಲಿ ಹಿಡಿದು ದೇವರಾಜ ಮಾರ್ಕೆಟ್ಟಿನ ಕಡೆ ಹೋಗಿದ್ದರು. ಮಗು ಕೆಮ್ಮಿತು. ಎರಡನೆಯ ಸಲ ಕೆಮ್ಮಲು ಹೋಗಿ ಆಗಲಿಲ್ಲ. ಹೊಟ್ಟೆ ಒಳಗೆ ಸೇದಿಕೊಂಡಿತು, ತುಟಿಯ ಸುತ್ತ ನೇರಳೆ ಹಣ್ಣು ತಿಂದ ಬಣ್ಣ ಬಂತು. ಕೂಗಿದೆ. ಅಮ್ಮ ಓಡಿಬಂದು ನೋಡಿ, ಶೀತ ಎದೆಗಿಳಿದಿದೆ, ಇನ್ನೊಂದು ಸಲ ಧೂಪ ಕೊಡಬೇಕು, ಕೆಂಡ ತರುತ್ತೇನೆ ಎಂದು ಬಚ್ಚಲ ಒಲೆಯ ಕಡೆ ಓಡಿದಳು. ಅವಳ ಮುಖ ನೋಡಿದೆ. ಎಂಟು ವರ್ಷದ ಹಿಂದೆ ಬಾಗಿಲ ಸಂದಿಯಿಂದ ನಾನು ಕಂಡಿದ್ದ ಮುಖ ಅದು. ಈ ಮಗುವೂ ಹೋಗುತ್ತದೆ ಎಂದು ಆಗ ನನಗೆ ಖಂಡಿತವಾಯಿತು.

ಕಿಟಕಿಯ ಆಚೆ ಚಿಕ್ಕತಾಯಿ ಇದ್ದಳು. ನನ್ನ ಕೂಗು ಕೇಳಿ ಕೊಡ ಬಿಟ್ಟು ಬಂದಿದ್ದಳೇನೋ.

"ಒಳಗೆಲ್ಲ ಒಗೆ ಕಣವ್ವ. ನಂಗೇ ಇಲ್ಲಿ ಸಂದಿಲಿ ಮೂಗಿಗೆ ಬಡೀತದೆ, ಅದ್ಕೆಂಗಾಗಬ್ಯಾಡ? ಈ ಹಲಗೆ ಕಿತ್ಬುಡ್ಲಾ?"

ಅಮ್ಮನನ್ನು ಕೇಳುತ್ತೇನೆ ಎನ್ನಲು ಬಾಯಿ ತೆರೆದೆ.

"ಕೀಳು," ಎಂದೆ.

ಅವಳು ಓಡಿಹೋಗಿ ಒಂದು ಹಾರೆ ತಂದಳು. ಮೊದಲನೆಯ ಹಲಗೆ ಕಿರ್ರೆಂದು ಏಳುವಾಗ ನಾನು ಒಳಗಿನಿಂದ ಕಿಟಕಿಯ ಬಾಗಿಲನ್ನು ಜಗ್ಗುತ್ತಿದ್ದೆ. ಎಂಟು ವರ್ಷ ತೆಗೆಯದ ಬಾಗಿಲು ಬಣ್ಣಕ್ಕೆ ಬಣ್ಣ ಅಂಟಿ ಕೂತಿತ್ತು. ಮೂರನೆಯ ಹಲಗೆ ಬಿದ್ದ ಮೇಲೆ ಅದು ಒಮ್ಮೆಗೇ ತೆರೆದುಕೊಂಡು ನಾನು ಮಂಚದ ಮೇಲೆ ಬಿದ್ದೆ. ಬೆಳಕು ಬಂತು. ಇಪ್ಪತ್ತು ದಿನ ನಾನು ಎಂಥದರೊಳಗೆ ಮಲಗಿದ್ದೆ ಎಂದು ಆಗ ಕಂಡಿತು. ಕೋಣೆಯ ನಡುಮಟ್ಟದವರೆಗೆ ನೀಲಿ ಹೊಗೆ ನಿಂತಿತ್ತು. ಗೋಡೆ, ಸೊಳ್ಳೆಪರದೆ, ಮಗುವಿನ ತೊಟ್ಟಿಲ ಹಗ್ಗ ಎಲ್ಲ ಒಂದೇ ಬೂದಿ ಬಣ್ಣ. ಆ ಹೊಗೆ ಮೊದಲು ಅಲುಗಲಿಲ್ಲ. ಆಮೇಲೆ ನಿಧಾನವಾಗಿ ಕಿಟಕಿಯ ಕಡೆ ತಿರುಗಿ, ಸೀಬೆಮರದ ಕೆಳಗೆ ಹರಿದು ಹೊರಟುಹೋಯಿತು. ಯಾರೋ ಬಹಳ ದಿನ ಇದ್ದ ನೆಂಟರು ಎದ್ದು ಹೋದಂತೆ ಕೋಣೆ ಬಿಡುವಾಯಿತು.

ಚಿಕ್ಕತಾಯಿ ಕಿಟಕಿಯ ಕಂಬಿಯ ಆಚೆ ನಿಂತು, ಕೂಸನ್ನು ಇಲ್ಲಿ ತನ್ನಿ, ಅಡ್ಡಡ್ಡ ಮಲಗಿಸಬೇಡಿ, ಎತ್ತಿ ಹೆಗಲಿಗೆ ಹಾಕಿಕೊಳ್ಳಿ ಎಂದಳು. ಅವಳ ಮುಖವನ್ನು ಮೊದಲ ಸಲ ಕಂಡೆ. ನನಗಿಂತ ಚಿಕ್ಕವಳು. ಹುಬ್ಬು ರೆಪ್ಪೆಯೆಲ್ಲ ಸುಣ್ಣ. ಮಗುವನ್ನು ಹೆಗಲಿಗೆ ಹಾಕಿಕೊಂಡು ಕಂಬಿಗೆ ಒರಗಿ ನಿಂತೆ. ಮಗು ಒಂದು ಸಲ ಎಳೆಯಿತು, ನಿಂತಿತು. ನಾನೂ ಉಸಿರು ಬಿಡಲಿಲ್ಲ. ಮತ್ತೊಂದು ಸಲ ಎಳೆಯಿತು, ಕೆಮ್ಮಿತು, ನನ್ನ ಬೆನ್ನ ಮೇಲೆ ಅಷ್ಟು ಲೋಳೆ ಕಾರಿತು. ಆಮೇಲೆ ಅತ್ತಿತು. ಆ ಅಳು ಕೇಳಿ ನಾನೂ ಅತ್ತೆ, ಕಂಬಿಯ ಆಚೆ ಅವಳೂ ಅತ್ತಳು.

ಅಮ್ಮ ಕೆಂಡದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ಗೊತ್ತಿಲ್ಲ. ಅವಳು ನನ್ನನ್ನು ನೋಡಲಿಲ್ಲ, ಮಗುವನ್ನೂ ನೋಡಲಿಲ್ಲ. ತೆರೆದ ಕಿಟಕಿಯನ್ನೇ ನೋಡುತ್ತಿದ್ದಳು.

"ಯಾರು ತೆಗೆದದ್ದು?" ಎಂದಳು.

ನಾನೇ ತೆಗೆಸಿದೆ ಎಂದೆ. ಬೈಯುತ್ತಾಳೆ, ಚಿಕ್ಕತಾಯಿಯನ್ನು ಓಡಿಸುತ್ತಾಳೆ, ಕಿಟಕಿಗೆ ಬಂದು ಬೀಳುತ್ತಾಳೆ ಎಂದುಕೊಂಡು ಮಗುವನ್ನು ಇನ್ನೂ ಅವಚಿಕೊಂಡೆ. ಮುಚ್ಚಲು ಬಂದರೆ ನಾನು ಮಗುವನ್ನು ಎತ್ತಿಕೊಂಡು ಬೀದಿಗೆ ಹೋಗಿಬಿಡುತ್ತೇನೆ ಎಂದು ಹೇಳಿದೆ. ಅಮ್ಮನಿಗೆ ನಾನು ಅಂಥ ಮಾತು ಅದಕ್ಕೆ ಮುಂಚೆಯೂ ಆಡಿರಲಿಲ್ಲ, ಆಮೇಲೂ ಆಡಲಿಲ್ಲ. ಅವಳು ಕೆಂಡದ ತಟ್ಟೆಯನ್ನು ಹಾಗೇ ಹಿಂದಕ್ಕೆ ತೆಗೆದುಕೊಂಡು ಹೋದಳು.

ಮಧ್ಯಾಹ್ನ ಅಪ್ಪ ಬಂದ ಮೇಲೆ ಕೋಣೆಯ ರೂಪವೇ ಬದಲಾಯಿತು. ಪೂರ್ವದ ಕಿಟಕಿಯ ಪೇಪರು ಹರಿದು, ಬಾಗಿಲು ತೆಗೆದು, ಚಿಕ್ಕತಾಯಿ ಕೊಟ್ಟ ಎರಡು ಪದರ ಗೋಣಿತಾಟನ್ನು ನೆನೆಸಿ ಇಳಿಬಿಟ್ಟರು. ಅದಕ್ಕೆ ತಾಸಿಗೊಮ್ಮೆ ಚೊಂಬಿನಲ್ಲಿ ನೀರು ಹೊಯ್ಯುವುದು ಅಪ್ಪನ ಕೆಲಸವಾಯಿತು. ಟ್ರಂಕಿಗೆ ಹಾಕಿದ ಪೇಟಕ್ಕೆ ಬದಲು ಅವರಿಗೆ ಒಂದು ಉದ್ಯೋಗ ಸಿಕ್ಕಿತು. ಸಂಜೆ ಹೊತ್ತಿಗೆ ಆ ಗೋಣಿಯ ಹೊರಮೈ ಬೆಳ್ಳಗೆ ಗಾರೆ ಬಳಿದ ಹಾಗೆ ಆಗಿರುತ್ತಿತ್ತು, ಅದನ್ನು ಒಗೆಯುವ ಕಲ್ಲಿನ ಮೇಲೆ ಬಡಿದು ಮತ್ತೆ ಕಟ್ಟುತ್ತಿದ್ದರು. ಅಗ್ಗಿಷ್ಟಿಕೆ ನಡುಮನೆಗೆ ಹೋಯಿತು. ಸಾಂಬ್ರಾಣಿಯ ಡಬ್ಬ ದೇವರ ಗೂಡಿಗೆ ಹೋಯಿತು. ಗೋಣಿಯ ಮೂಲಕ ಬಂದ ಗಾಳಿ ತಣ್ಣಗೆ ಸೆಣಬಿನ ವಾಸನೆ ಹೊತ್ತು ಮಂಚದ ಮೇಲೆ ಹಾಯ್ದು ಹಿತ್ತಿಲ ಕಿಟಕಿಯಿಂದ ಹೋಗುತ್ತಿತ್ತು. ನಾನು ತಲೆಯ ಬಟ್ಟೆ ಬಿಚ್ಚಿ ಮಲಗಿದೆ. ಗಾಣ ಅಲ್ಲೇ ಇತ್ತು, ಕಿರುಗುಟ್ಟುತ್ತಲೇ ಇತ್ತು, ಆದರೆ ಮನೆ ತಿರುಗುವುದು ನಿಂತಿತ್ತು.

ಮುಂದಿನ ಮೂರು ದಿನ ಅಮ್ಮ ಕೋಣೆಯೊಳಗೆ ಬರಲಿಲ್ಲ. ಹೊಸ್ತಿಲ ಆಚೆ ಗೋಡೆಗೆ ಒರಗಿ ಕೂತಿರುತ್ತಿದ್ದಳು. ಊಟ ತಂದು ಹೊಸ್ತಿಲಲ್ಲಿಟ್ಟು ಮತ್ತೆ ಅಲ್ಲೇ ಕೂರುತ್ತಿದ್ದಳು. ನನ್ನ ಮೇಲೆ ಕೋಪ ಎಂದುಕೊಂಡೆ. ಮಗುವಿಗೆ ಏನಾದರೂ ಆಗಲಿ ಎಂದು ಕಾಯುತ್ತಿದ್ದಾಳೆಯೇ ಎಂಬ ಕೆಟ್ಟ ಯೋಚನೆಯೂ ಒಮ್ಮೆ ಬಂತು. ಅಮ್ಮನ ಬಗ್ಗೆ ಹಾಗೆ ಯೋಚಿಸಿದ್ದಕ್ಕೆ ನನ್ನನ್ನು ನಾನು ಇನ್ನೂ ಕ್ಷಮಿಸಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ಮಗು ಹೊಟ್ಟೆ ತುಂಬ ಹಾಲು ಕುಡಿದು ಮಲಗಿತು. ಗೊರಗೊರ ಇಲ್ಲ, ಸೀಟಿ ಇಲ್ಲ. ಕೋಣೆಯಲ್ಲಿ ಯಾವ ಸದ್ದೂ ಇಲ್ಲದ್ದು ಕೇಳಿ ಅಮ್ಮ ಹೆದರಿ ಒಳಗೆ ಬಂದುಬಿಟ್ಟಳು. ಮಗುವಿನ ಮೂಗಿನ ಕೆಳಗೆ ಬೆರಳಿಟ್ಟು ನೋಡಿದಳು. ಬಹಳ ಹೊತ್ತು ಬೆರಳು ತೆಗೆಯಲಿಲ್ಲ. ಆಮೇಲೆ ಹೋಗಿ ಹಿತ್ತಿಲ ಕಿಟಕಿಯ ಹತ್ತಿರ ಕೂತು, ಕಂಬಿಯ ಸಂದಿಯಿಂದ ಕೈ ಹಾಕಿ ಚೌಕಟ್ಟಿನ ಹೊರಗಿನ ಮೊಳೆಯ ತೂತುಗಳನ್ನು ಒಂದೊಂದಾಗಿ ಮುಟ್ಟುತ್ತಾ ಹೋದಳು.

"ಆವಾಗ ಒಂದಿನ ಮಧ್ಯಾಹ್ನ ಈ ಕಿಟಕೀನ ನಾನು ತೆಗೆದಿದ್ದೆ ಕಣೇ," ಅಂದಳು. "ನಿಮ್ಮಜ್ಜಿ ಮಲಗಿದ್ರು. ಮಗು ತುಂಬ ಒದ್ದಾಡ್ತಿತ್ತು, ನೋಡಕ್ಕಾಗ್ಲಿಲ್ಲ. ತೆಗೆದ ಮೇಲೆ ಹೀಗೇ ನಿದ್ದೆ ಮಾಡ್ತು. ಹೀಗೇ, ಸದ್ದಿಲ್ದೆ. ಅಜ್ಜಿ ಎದ್ದು ನೋಡಿ ಬೈದ್ರು, ಮುಚ್ಚಿಬಿಟ್ಟೆ. ಮೂರು ದಿನಕ್ಕೆ ಹೋಯ್ತು."

ಅಜ್ಜಿ ಸತ್ತೇ ಆಗ ಐದು ವರ್ಷವಾಗಿತ್ತು. ಗಾಳಿ ಸೋಕಿತು ಎಂದು ಮನೆಯಲ್ಲಿ ಎಲ್ಲರೂ ಹೇಳಿದ್ದು ಯಾರನ್ನು ಕುರಿತು ಎಂದು ನನಗೆ ಅವತ್ತು ತಿಳಿಯಿತು. ಎಂಟು ವರ್ಷ ಅವಳು ತಾನೇ ಮಗುವನ್ನು ಕೊಂದೆ ಎಂದುಕೊಂಡು ಅನ್ನ ಮಾಡಿ ಬಡಿಸಿದ್ದಳು, ನನ್ನ ಮದುವೆ ಮಾಡಿದ್ದಳು, ನನ್ನ ಹೆರಿಗೆಗೆ ಬಿಸಿನೀರು ಕಾಯಿಸಿದ್ದಳು. ಹೋಗಿ ಅವಳ ಪಕ್ಕ ಕೂತೆ. ನೀನು ತೆಗೆದದ್ದರಿಂದ ಅಲ್ಲಮ್ಮ, ಈಗ ಕಣ್ಣಾರೆ ಕಂಡೆಯಲ್ಲ ಎಂದೆ. ಅವಳಿಗೆ ಭಾರ ಇಳಿಯಲಿ ಎಂದೇ ಹೇಳಿದ್ದು. ಅದರ ಇನ್ನೊಂದು ಮಗ್ಗುಲು ನನಗೆ ಹೊಳೆಯಲಿಲ್ಲ. ಹತ್ತೊಂಬತ್ತು ವರ್ಷದ ಬುದ್ಧಿ.

ಅಮ್ಮ ತಲೆಯಾಡಿಸಿದಳು.

"ಹೌದು. ತೆಗೆದದ್ದರಿಂದ ಅಲ್ಲ," ಅಂದಳು. "ಒಂದೇ ದಿನ ತೆಗೆದೆ ಕಣೇ ನಾನು."

ಆ ಮಗುವಿಗೆ ಬೇರೆ ಏನೋ ಕಾಯಿಲೆ ಇತ್ತೇನೋ, ಯಾರಿಗೆ ಗೊತ್ತು ಎಂದು ಸಂಜೆ ಒಮ್ಮೆ ಅಂದೆ. ಇರಬಹುದು ಅಂದಳು. ಮಗುವನ್ನು ಕೊಡು ಎಂದು ಇಸಿದುಕೊಂಡು, ಹಿತ್ತಿಲ ಬೆಳಕು ಹೋಗುವ ತನಕ ಕಿಟಕಿಗೆ ಬೆನ್ನು ಕೊಟ್ಟು ಕೂತಿದ್ದಳು.

ಪಕ್ಕದ ಮನೆ ಮಳೆಗಾಲದೊಳಗೆ ಮುಗಿಯಿತು. ಗಾಣದ ಕಲ್ಲನ್ನು ಗಾಡಿಯಲ್ಲಿ ಹೇರಿಕೊಂಡು ಹೋದರು. ಚಿಕ್ಕತಾಯಿ ಕೊನೆಯ ದಿನ ಕಿಟಕಿಗೆ ಬಂದಳು. ಅಮ್ಮ ಹಿತ್ತಿಲಿಗೆ ತಾನೇ ಹೋಗಿ, ಅವಳ ಕೂಸನ್ನು ಇಸಿದುಕೊಂಡು ಎತ್ತಿಕೊಂಡಳು. ಮಡಿಸೀರೆಯಲ್ಲಿದ್ದಳು, ಆಮೇಲೆ ಮತ್ತೆ ಸ್ನಾನ ಮಾಡಲೂ ಇಲ್ಲ. ಬೀಳ್ಕೊಡುವಾಗ ಗೋಣಿತಾಟು ಮರಳಿ ಕೊಡಹೋದರೆ, ಮಡೀಕಳಿ ಅವ್ವ, ಮುಂದಿನ ಕೂಸಿಗಾಯ್ತದೆ ಎಂದು ಚಿಕ್ಕತಾಯಿ ನನ್ನ ಕಡೆ ನೋಡಿ ನಕ್ಕಳು. ಮತ್ತೆ ಅವಳನ್ನು ನಾನು ನೋಡಲಿಲ್ಲ. ದಟ್ಟಗಳ್ಳಿಯಲ್ಲಿ ಮೊನ್ನೆ ಮೊನ್ನೆ ಎದ್ದ ಬೀದಿಗಳಲ್ಲಿ ನಡೆಯುವಾಗ, ಇವುಗಳಲ್ಲಿ ಯಾವುದು ಅವಳ ರಾಗಿ ಹೊಲವಾಗಿತ್ತೋ ಎಂದು ನೆನೆಯುತ್ತೇನೆ.

ನಾನು ಹಾಸನಕ್ಕೆ ಹೊರಡುವುದಕ್ಕೆ ಒಂದು ವಾರ ಮುಂಚೆ ಆ ವರ್ಷದ ಮೊದಲ ಮಳೆ ಬಂತು. ಮಧ್ಯಾಹ್ನವೇ ಕತ್ತಲು ಕವಿದು, ಚಾಮುಂಡಿಬೆಟ್ಟ ಕಾಣದ ಹಾಗಾಗಿ, ದಪ್ಪ ಹನಿ ಹಂಚಿನ ಮೇಲೆ ಬಿತ್ತು. ಬೀದಿಯುದ್ದಕ್ಕೂ ಕಿಟಕಿ ಮುಚ್ಚುವ ಸದ್ದು. ನಾಲ್ಕು ತಿಂಗಳ ಸುಣ್ಣ ಎಲೆಗಳ ಮೇಲಿಂದ ತೊಳೆದು ಬೆಳ್ಳಗೆ ನಮ್ಮ ಹಿತ್ತಿಲಲ್ಲಿ ಹರಿಯಿತು. ಎರಚಲು ಕೋಣೆಗೆ ಬೀಳತೊಡಗಿದಾಗ ಅಮ್ಮ ಅಭ್ಯಾಸಬಲದಿಂದ ಓಡಿಬಂದು ಹಿತ್ತಿಲ ಕಿಟಕಿಯ ಬಾಗಿಲಿಗೆ ಕೈ ಹಾಕಿದಳು. ಅರ್ಧ ಎಳೆದಳು. ನಿಂತಳು. ನಾನು ಮಗುವನ್ನು ಎತ್ತಿಕೊಂಡು ಮಂಚದ ಆ ಕೊನೆಗೆ ಸರಿದೆ, ಮುಚ್ಚಮ್ಮ, ಮಳೆಯಲ್ಲವೇ, ಪರವಾಗಿಲ್ಲ ಎಂದೆ.

"ಬರ್ಲಿ ಬಿಡು," ಅಂದಳು.

ಬಾಗಿಲನ್ನು ಮತ್ತೆ ಗೋಡೆಗೆ ತಾಗುವ ತನಕ ತಳ್ಳಿ, ಬಚ್ಚಲಿಂದ ಒಂದು ಹಿತ್ತಾಳೆ ಬೋಗುಣಿ ತಂದು ಕಿಟಕಿಯ ಕೆಳಗಿಟ್ಟಳು. ಆಮೇಲೆ ಎಷ್ಟೋ ಮಳೆಗಾಲ ಬಂದವು. ಆ ಮೂಲೆಯ ನೆಲ ಪಾಚಿ ಕಟ್ಟಿತು, ಕಿಟಕಿಯ ಬಾಗಿಲು ನೀರು ಕುಡಿದು ಉಬ್ಬಿ ಚೌಕಟ್ಟಿಗೆ ಕೂರದೆ ಹೋಯಿತು. ಬಡಗಿಯನ್ನು ಕರೆಸುತ್ತೇನೆಂದು ಅಪ್ಪ ಪ್ರತಿ ವರ್ಷ ಹೇಳುತ್ತಿದ್ದರು. ಅಮ್ಮ ಪ್ರತಿ ವರ್ಷ ಬೋಗುಣಿ ತಂದಿಡುತ್ತಿದ್ದಳು.